34 ಸೆಂಟಿಮೀಟರಿನ ಪಾಠ

ನಮ್ಮ ಭೌತಶಾಸ್ತ್ರ ಲ್ಯಾಬಿನ ರೆಸೊನೆನ್ಸ್ ಕಾಲಂ ಪ್ರಯೋಗವನ್ನು ಪೂರ್ತಿ ಮರೆತ ವಿಜ್ಞಾನ ವಿದ್ಯಾರ್ಥಿ ಸಿಗುವುದು ಕಷ್ಟ. ನೀರು ತುಂಬಿದ ಗಾಜಿನ ಕೊಳವೆ, ಅದರ ಬಾಯಿಯ ಮೇಲೆ 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್. ನೀರಿನ ಮಟ್ಟ ಇಳಿಸುತ್ತ ಹೋದರೆ, ಮೇಲಿನ ಗಾಳಿಯ ಉದ್ದ ಸುಮಾರು 16 ಸೆಂ.ಮೀ. ಆದಾಗ ಒಮ್ಮೆ ಕೊಳವೆ ಗುಂಯ್ ಎನ್ನುತ್ತದೆ, 49–50ರ ಹತ್ತಿರ ಇನ್ನೊಮ್ಮೆ. ಎರಡರ ವ್ಯತ್ಯಾಸ ಅರ್ಧ ತರಂಗಾಂತರ. ಅದನ್ನು ಇಮ್ಮಡಿಸಿ ಫೋರ್ಕಿನ ಆವೃತ್ತಿಯಿಂದ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಹರ್ಟ್ಸ್ ಲೆಕ್ಕ) ಗುಣಿಸಿದರೆ ಶಬ್ದದ ವೇಗ ಸಿಗುತ್ತದೆ, ಸೆಕೆಂಡಿಗೆ ಸುಮಾರು 343 ಮೀಟರ್. ರೆಕಾರ್ಡ್ ಬುಕ್ಕಿಗೆ ಸಹಿ ಬಿತ್ತೆಂದರೆ ಆ ಅಂಕಿಯ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಧ್ವನಿಮುದ್ರಣದ ವೃತ್ತಿ ಹಿಡಿದವರಿಗೆ ಮಾತ್ರ ಅದರ ಕೆಲಸ ಶುರುವಾಗುವುದೇ ಆಮೇಲೆ.

ಸೆಕೆಂಡಿಗೆ 343 ಮೀಟರ್ ಅಂದರೆ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂ.ಮೀ. ಸ್ಟುಡಿಯೋದಲ್ಲಿ ಪ್ರತಿದಿನ ಬೇಕಾಗುವ ಲೆಕ್ಕ ಇದೊಂದೇ ಎಂದರೂ ತಪ್ಪಲ್ಲ. ಸೌಂಡ್ ಎಂಜಿನಿಯರ್ ಎಂದರೆ ಕನ್ಸೋಲ್ ಮುಂದೆ ಕೂತು ಗುಂಡಿ ತಿರುಗಿಸುವವರು ಎಂಬ ಕಲ್ಪನೆ ಎಲ್ಲ ಕಡೆ ಇದೆ. ಆದರೆ ಗುಂಡಿ ಮುಟ್ಟುವ ಮೊದಲೇ, ಮೈಕ್ ಎಲ್ಲಿ ನಿಂತಿದೆ ಎಂಬುದರಲ್ಲೇ ಮುದ್ರಣದ ಹಣೆಬರಹ ಬಹುಪಾಲು ಬರೆದಾಗಿರುತ್ತದೆ. ಈ ವೃತ್ತಿಗೆ ಬರಬೇಕೆಂದಿರುವ ನಮ್ಮ ಕಿರಿಯರಿಗೆ ಮೊದಲು ಹೇಳಬೇಕಾದ ಮಾತು ಇದು.

ಒಂದು ಗಿಟಾರಿಗೆ ಎರಡು ಮೈಕ್ ಇಟ್ಟಿದ್ದೀರಿ, ಒಂದಕ್ಕಿಂತ ಇನ್ನೊಂದು 34 ಸೆಂ.ಮೀ. ದೂರದಲ್ಲಿದೆ ಎನ್ನಿ. ಎರಡನೆಯ ಮೈಕಿಗೆ ಶಬ್ದ ಒಂದು ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. 500 ಹರ್ಟ್ಸ್‌ನ ಅಲೆಗೆ ಅದು ಸರಿಯಾಗಿ ಅರ್ಧ ಸುತ್ತು. ಎರಡನ್ನೂ ಸಮ ಮಟ್ಟದಲ್ಲಿ ಕೂಡಿಸಿದರೆ ಒಂದರ ಏರು ಇನ್ನೊಂದರ ಇಳಿವಿನ ಮೇಲೆ ಬಿದ್ದು 500 ಹರ್ಟ್ಸ್ ಅಳಿಸಿಹೋಗುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. 1500, 2500, 3500, ಹೀಗೆ ಬಾಚಣಿಗೆಯ ಹಲ್ಲುಗಳ ನಡುವಿನ ಸಂದಿಯಂತೆ ಸಮ ಅಂತರದಲ್ಲಿ ಕುಳಿಗಳು ಬೀಳುತ್ತಲೇ ಹೋಗುತ್ತವೆ. ಕಿವಿಗೆ ಅದು ಪೊಳ್ಳಾಗಿ, ಡಬ್ಬಿಯೊಳಗಿಂದ ಬಂದಂತೆ ಕೇಳುತ್ತದೆ. ಬೇರೆ ಬೇರೆ ಆವೃತ್ತಿಗಳನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ ಎಷ್ಟು ಎತ್ತಿದರೂ ತುಂಬುವುದಿಲ್ಲ, ಏಕೆಂದರೆ ಅಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ.

ಇದಕ್ಕೆ ಪರಿಹಾರ ಅಳತೆ ಪಟ್ಟಿ. ಬೇರೆ ಬೇರೆ ಇಬ್ಬರಿಗೆ ಎರಡು ಮೈಕ್ ಇಡುವಾಗ, ಮೈಕಿಗೂ ಅದರ ವಾದ್ಯಕ್ಕೂ ಇರುವ ದೂರದ ಕನಿಷ್ಠ ಮೂರು ಪಟ್ಟು ದೂರ ಮೈಕ್‌ಗಳ ನಡುವೆ ಇರಲಿ. ಆಗ ಪಕ್ಕದವರ ಸದ್ದು ಸುಮಾರು 9 ಡೆಸಿಬೆಲ್ ಕಡಿಮೆಯಾಗಿ ಸೇರುತ್ತದೆ, ಕುಳಿಗಳು ಆಳವಾಗುವುದಿಲ್ಲ. ಡ್ರಮ್ ಸೆಟ್ಟಿನ ಮೇಲೆ ತೂಗುವ ಎರಡು ಮೈಕ್‌ಗಳನ್ನು ಸ್ನೇರ್ ಎಂಬ ಚಪ್ಪಟೆ ಡ್ರಮ್ಮಿನ ನಡುಮಧ್ಯದಿಂದ ದಾರ ಹಿಡಿದು ಒಂದೇ ದೂರದಲ್ಲಿ ನಿಲ್ಲಿಸಿ. ಸ್ನೇರ್‌ಗೆ ಮೇಲೊಂದು, ಕೆಳಗೊಂದು ಮೈಕ್ ಇಟ್ಟರೆ ಕೆಳಗಿನದರ ಪೊಲಾರಿಟಿ ತಿರುಗಿಸಿ (ಅಲೆಯ ಏರು-ಇಳಿವನ್ನು ಅದಲುಬದಲು ಮಾಡಿ) ಕೇಳಿ. ಮೇಲಿನ ಚರ್ಮ ಒಂದು ಮೈಕಿನಿಂದ ದೂರ ಸರಿಯುವ ಹೊತ್ತಿಗೆ ಕೆಳಗಿನ ಚರ್ಮ ಇನ್ನೊಂದರತ್ತ ಉಬ್ಬುತ್ತದೆ, ಹಾಗಾಗಿ ಎರಡು ಸಿಗ್ನಲ್‌ಗಳು ಎದುರುಬದುರು ಇರುತ್ತವೆ. ತಿರುಗಿಸಿದ ಕೂಡಲೇ ಪೆಟ್ಟು ದಪ್ಪವಾಯಿತೆಂದರೆ ಅದೇ ಸರಿ. ಕೊನೆಗೆ ಎಲ್ಲವನ್ನೂ ಮೋನೋದಲ್ಲಿ, ಅಂದರೆ ಎಡ-ಬಲ ಎರಡನ್ನೂ ಒಂದಾಗಿ ಕೂಡಿಸಿ, ಕೇಳಿ ನೋಡಿ. ಸ್ಟೀರಿಯೋದಲ್ಲಿ ಅಡಗಿ ಕೂತ ಫೇಸ್ ದೋಷ (ಅಲೆಗಳು ಹೀಗೆ ಒಂದನ್ನೊಂದು ಅಳಿಸುವುದು) ಮೋನೋದಲ್ಲಿ ತಕ್ಷಣ ಸಿಕ್ಕಿಬೀಳುತ್ತದೆ.

ದೂರದ ಬಗ್ಗೆ ಹೇಳುವಾಗ ಜೆಫ್ ಎಮೆರಿಕ್ ಅವರನ್ನು ಬಿಡುವಂತಿಲ್ಲ. 1962ರಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗಲೇ, ಅವರು ಲಂಡನ್ನಿನಲ್ಲಿ ಇಎಂಐ ರೆಕಾರ್ಡ್ ಕಂಪನಿಯ ಸ್ಟುಡಿಯೋಗೆ ಸಹಾಯಕನಾಗಿ ಸೇರಿದರು. 1966ರಲ್ಲಿ, ಇಪ್ಪತ್ತನೇ ವಯಸ್ಸಿಗೆ, ಬೀಟಲ್ಸ್ ತಂಡದ ಎಂಜಿನಿಯರ್ ಕುರ್ಚಿಯಲ್ಲಿದ್ದರು. ಗಾಳಿಯ ಹೊಡೆತಕ್ಕೆ ಮೈಕ್ ಹಾಳಾದೀತು ಎಂದು ಬಾಸ್ ಡ್ರಮ್ಮಿನ ಹತ್ತಿರ ಮೈಕ್ ಒಯ್ಯಬಾರದೆಂಬ ನಿಯಮ ಅಲ್ಲಿತ್ತು. ಅವರು ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಮೈಕನ್ನು ಕೆಲವೇ ಅಂಗುಲದ ಹತ್ತಿರಕ್ಕೆ ತಂದರು. ಆಮೇಲೆ ಆಡಳಿತದಿಂದ ಲಿಖಿತ ಅನುಮತಿಯೂ ಬಂತು. ನಿಯಮ ಮುರಿದದ್ದು ಇಲ್ಲಿ ದೊಡ್ಡದಲ್ಲ. ನಾಲ್ಕು ವರ್ಷ ಸ್ಟುಡಿಯೋದ ಸಣ್ಣಪುಟ್ಟ ಕೆಲಸ ಮಾಡಿ, ಹಿರಿಯರ ಪಕ್ಕ ನಿಂತು ಕೇಳಿದ್ದರಿಂದ ಯಾವ ನಿಯಮಕ್ಕೆ ಏನು ಕಾರಣ ಎಂದು ಅವರಿಗೆ ತಿಳಿದಿತ್ತು.

ಆ ಸಹಾಯಕನ ಕೆಲಸ ಇಂದಿಗೂ ಈ ವೃತ್ತಿಯ ಹೆಬ್ಬಾಗಿಲು. ಗಾಯಕರು ಬರುವ ಮುನ್ನ ಪ್ರತಿ ಕೇಬಲನ್ನೂ ಚುಚ್ಚಿ ಅಲ್ಲಾಡಿಸಿ ನೋಡಬೇಕು, ಕರಕರ ಎಂದದ್ದಕ್ಕೆ ಟೇಪು ಅಂಟಿಸಿ ಬದಿಗಿಡಬೇಕು. ಮೈಕಿನ ಕೇಬಲ್ ಕರೆಂಟಿನ ಕೇಬಲ್ ಜೊತೆ ಉದ್ದಕ್ಕೂ ಓಡಬಾರದು. ದಾಟಲೇಬೇಕಾದರೆ ಲಂಬಕೋನದಲ್ಲಿ ದಾಟಿಸಬೇಕು, ಇಲ್ಲವಾದರೆ ಗುಂಯ್‌ಗುಡುವ ಹಮ್ ಸೇರುತ್ತದೆ. ಕಂಡೆನ್ಸರ್ ಬಗೆಯ ಮೈಕಿಗೆ ಕೇಬಲಿನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್, ಅಂದರೆ ಫ್ಯಾಂಟಮ್ ಪವರ್, ಬೇಕು. ಮೊದಲು ಚಾನೆಲ್ ಮ್ಯೂಟ್, ಆಮೇಲೆ ಕೇಬಲ್, ಕೊನೆಗೆ 48 ವೋಲ್ಟ್, ಇದೇ ಕ್ರಮ. ಹಿಂದುಮುಂದಾದರೆ ಹೆಡ್‌ಫೋನ್ ಹಾಕಿಕೊಂಡವರ ಕಿವಿಗೆ ಢಬ್ ಎಂದು ಹೊಡೆಯುತ್ತದೆ. ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಹಳೆಯ ರಿಬ್ಬನ್ ಮೈಕ್ ಇರುವ ಸಾಲಿಗಂತೂ ಫ್ಯಾಂಟಮ್ ಹಾಕಲೇಬಾರದು. ಕೇಬಲಿನಲ್ಲಿ ಒಂದು ತಂತಿ ತಪ್ಪಾಗಿದ್ದರೂ ರಿಬ್ಬನ್ ಹಿಗ್ಗಿ ಹೋಗುತ್ತದೆ.

ಬರೆದಿಡುವುದೂ ಸಹಾಯಕರ ಪಾಲಿಗೇ ಬರುತ್ತದೆ. ಯಾವ ಮೈಕ್, ನೆಲದಿಂದ ಎಷ್ಟು ಎತ್ತರ, ಬಾಯಿಂದ ಎಷ್ಟು ದೂರ, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಎಷ್ಟು, ಎಲ್ಲವೂ ಸೆಷನ್ ಹಾಳೆಗೆ ಹೋಗಬೇಕು. ತಿಂಗಳ ನಂತರ ಒಂದೇ ಒಂದು ಸಾಲನ್ನು ಮತ್ತೆ ಹಾಡಿಸಬೇಕಾಗಿ ಬಂದಾಗ ಆ ಹಾಳೆ ಇಲ್ಲದಿದ್ದರೆ ಹೊಸ ಸಾಲು ತೇಪೆ ಹಚ್ಚಿದಂತೆ ಎದ್ದು ಕಾಣುತ್ತದೆ. ಸ್ಯಾಂಪಲ್ ರೇಟನ್ನೂ (ಸೆಕೆಂಡಿಗೆ ಎಷ್ಟು ಬಾರಿ ಸದ್ದನ್ನು ಅಳೆಯಲಾಗುತ್ತದೆ ಎಂಬ ಲೆಕ್ಕ) ಅಲ್ಲೇ ಬರೆಯಿರಿ. 44.1 ಕಿಲೋಹರ್ಟ್ಸ್‌ನಲ್ಲಿ ಮುದ್ರಿಸಿದ ಫೈಲನ್ನು ಪರಿವರ್ತಿಸದೆ 48ರಲ್ಲಿ ಓಡಿಸಿದರೆ ಹಾಡು ಶೇ. 9ರಷ್ಟು ವೇಗವಾಗಿ, ಸುಮಾರು ಒಂದೂವರೆ ಸೆಮಿಟೋನ್ (ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಕೀಲಿಗಳ ಅಂತರ) ಮೇಲೆ ಕೇಳುತ್ತದೆ. ಒಂದೊಂದೇ ವಾದ್ಯ ಕೇಳುವಾಗ ಗೊತ್ತಾಗದ ಈ ಎಡವಟ್ಟು ಎಲ್ಲ ಕೂಡಿಸಿದಾಗಲೇ ಬಯಲಾಗುವುದು. ಫೈಲುಗಳ ಪ್ರತಿ ಮೂರು ಇರಲಿ, ಅದರಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ.

ಹಾಡುವ ದನಿಯನ್ನು ಮುದ್ರಿಸುವುದು ಎಲ್ಲಕ್ಕಿಂತ ಸೂಕ್ಷ್ಮದ ಕೆಲಸ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕಿನಿಂದ 15–20 ಸೆಂ.ಮೀ. ದೂರದಲ್ಲಿ ಬಾಯಿ, ನಡುವೆ ಪಾಪ್ ಫಿಲ್ಟರ್. ಇನ್ನೂ ಹತ್ತಿರ ಬಂದರೆ ಕೆಳಗಿನ ಸ್ವರಗಳು ಉಬ್ಬುತ್ತವೆ, ದೂರ ಸರಿದರೆ ಕೋಣೆಯ ಸದ್ದು ಹೆಚ್ಚುತ್ತದೆ. ಗಾಯಕರು ಸಾಲಿನ ನಡುವೆ ತಲೆ ಅಲ್ಲಾಡಿಸಿದಷ್ಟೂ ದನಿಯ ಬಣ್ಣ ಬದಲಾಗುತ್ತ ಹೋಗುವುದು ಇದೇ ಕಾರಣಕ್ಕೆ. ಪಾಪ್ ಫಿಲ್ಟರ್ ಗಾಳಿ ತಡೆಯುವುದರ ಜೊತೆಗೆ ದೂರ ಕಾಯುವ ಗಡಿಯೂ ಹೌದು. 'ಪ', 'ಬ' ಅಕ್ಷರಗಳ ಗಾಳಿ ಇನ್ನೂ ಬಡಿಯುತ್ತಿದ್ದರೆ ಮೈಕನ್ನು ಬಾಯಿಯ ನೇರದಿಂದ ತುಸು ಪಕ್ಕಕ್ಕೆ ಸರಿಸಿ. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದರೆ ಫ್ಯಾನಿನ, ಹೆಜ್ಜೆಯ ಗುಡುಗುಡು ಹೋಗುತ್ತದೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಸೊನ್ನೆಯೇ ಗರಿಷ್ಠ ಮಿತಿ, ಹಾಗಾಗಿ ಸರಾಸರಿ ಮಟ್ಟ −18 ಡೆಸಿಬೆಲ್ ಸುತ್ತಮುತ್ತ, ಅತಿ ಜೋರಿನ ಜಾಗ −6 ದಾಟದಂತೆ ಗೇನ್ ಇಟ್ಟರೆ ಸಾಕು. ಟೇಪಿನ ಕಾಲದಲ್ಲಿ ಹಿಸ್ ಮುಚ್ಚಲು ಮಟ್ಟ ಏರಿಸಬೇಕಿತ್ತು. ಈಗ ಆ ಅಗತ್ಯವಿಲ್ಲ, ಮೇಲಾಗಿ ಡಿಜಿಟಲ್‌ನಲ್ಲಿ ಸೊನ್ನೆ ದಾಟಿದ ಅಲೆಯ ತಲೆ ಕತ್ತರಿಸಿಯೇ ಹೋಗುತ್ತದೆ, ಮರಳಿ ಬರುವುದಿಲ್ಲ.

ಗಾಯಕರು ಪದೇ ಪದೇ ಶ್ರುತಿ ತಪ್ಪುತ್ತಿದ್ದರೆ ಅವರನ್ನು ದೂರುವ ಮೊದಲು ಅವರ ಹೆಡ್‌ಫೋನ್ ನೀವೇ ಹಾಕಿಕೊಂಡು ಕೇಳಿ. ಅದರಲ್ಲಿ ವಾದ್ಯಗಳು ಅಬ್ಬರಿಸುತ್ತ ಅವರ ದನಿ ಅವರಿಗೇ ಕೇಳಿಸದೆ ಇರಬಹುದು. ಇನ್ನೊಂದು ಕಳ್ಳ ಕಂಪ್ಯೂಟರಿನ ಬಫರ್, ಅಂದರೆ ಸದ್ದನ್ನು ಸಾಗಿಸುವ ಮೊದಲು ಅದು ಕೂಡಿಟ್ಟುಕೊಳ್ಳುವ ಸ್ಯಾಂಪಲ್‌ಗಳ ಗುಂಪು. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಅಂದರೆ ಒಂದು ದಾರಿಗೆ 5.3 ಮಿಲಿಸೆಕೆಂಡ್, ಹೋಗಿಬರುವಾಗ ಹತ್ತು ದಾಟುತ್ತದೆ. ತನ್ನ ದನಿಯೇ ಮೂರೂವರೆ ಮೀಟರ್ ಆಚೆಯಿಂದ ಬಂದಂತಾದರೆ ಯಾರ ಹಿಡಿತವೂ ಸಡಿಲುತ್ತದೆ. ಹಾಡಿಸುವಾಗ ಬಫರ್ 64ಕ್ಕೆ ಇಳಿಸಿ, ಅಥವಾ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರಿಂಗ್ (ದನಿ ಕಂಪ್ಯೂಟರ್ ಹೊಕ್ಕದೆ ನೇರ ಹೆಡ್‌ಫೋನಿಗೆ ಹೋಗುವ ವ್ಯವಸ್ಥೆ) ಬಳಸಿ. ನಾಲ್ಕೈದು ಟೇಕ್‌ಗಳಿಂದ ಒಳ್ಳೆಯ ಸಾಲುಗಳನ್ನು ಆಯ್ದು ಜೋಡಿಸುವಾಗ ಎಳೆದ ಸ್ವರದ ನಡುವೆ ಕತ್ತರಿಸಬೇಡಿ, ವ್ಯಂಜನದ ಮೊದಲು ಕತ್ತರಿಸಿ, 5–10 ಮಿಲಿಸೆಕೆಂಡ್ ಒಂದು ಇಳಿಯುತ್ತ ಇನ್ನೊಂದು ಏರುವ ಕ್ರಾಸ್‌ಫೇಡ್ ಕೊಡಿ. ಉಸಿರಿನ ಸದ್ದನ್ನು ಪೂರ್ತಿ ಅಳಿಸಿದ ಹಾಡು ನಿರ್ಜೀವ ಎನಿಸುತ್ತದೆ, ತಗ್ಗಿಸಿದರೆ ಸಾಕು.

ಪ್ರೊಡ್ಯೂಸರ್ ಕೆಲಸ ಬೇರೆ, ಆದರೆ ಅದಕ್ಕೆ ಹೋಗುವ ದಾರಿಗಳು ಹಲವು. ಬೀಟಲ್ಸ್ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಓದಿ, ಓಬೋ ನುಡಿಸಿ, 1950ರಲ್ಲಿ ಇಎಂಐ ಸೇರಿ, 1955ರಲ್ಲಿ ಪಾರ್ಲೋಫೋನ್ ಲೇಬಲ್ಲಿನ ಹೊಣೆ ಹೊತ್ತವರು. ಟಾಮ್ ಡೌಡ್ ಬಂದದ್ದು ಭೌತಶಾಸ್ತ್ರದ ಕಡೆಯಿಂದ. ಮ್ಯಾನ್‌ಹಟನ್ ಪ್ರಾಜೆಕ್ಟಿನಲ್ಲಿ ದುಡಿದ ಅವರು ಆಮೇಲೆ ಅಟ್ಲಾಂಟಿಕ್ ರೆಕಾರ್ಡ್ಸ್‌ನಲ್ಲಿ ಎಂಜಿನಿಯರ್ ಆಗಿ, ಪ್ರೊಡ್ಯೂಸರೂ ಆದರು. ಎಂಟು ಸದ್ದುಗಳನ್ನು ಬೇರೆ ಬೇರೆಯಾಗಿ ಮುದ್ರಿಸುವ 8 ಟ್ರ್ಯಾಕಿನ ಯಂತ್ರವನ್ನು ಬಹುಬೇಗ ಸ್ಟುಡಿಯೋಗೆ ತರಿಸಿದ್ದು, ದುಂಡು ಗುಂಡಿಗಳ ಬದಲು ಬೆರಳಲ್ಲಿ ಜಾರಿಸುವ ಫೇಡರ್ ಜೋಡಿಸಿದ್ದು ಅವರೇ. ಹಾಡಿನ ಶ್ರುತಿ, ವೇಗ, ವಾದ್ಯ ಯಾವುದು, ಯಾವ ಟೇಕ್ ಸಾಕು, ಹಣ ಎಲ್ಲಿ ಖರ್ಚಾಗಬೇಕು, ಇವೆಲ್ಲ ಪ್ರೊಡ್ಯೂಸರ್ ನಿರ್ಧಾರ. ಎಂಜಿನಿಯರ್ ಆಗಿ ನುರಿತವರಿಗೆ ಈ ನಿರ್ಧಾರಗಳ ಬೆಲೆ ಮೊದಲೇ ಗೊತ್ತಿರುತ್ತದೆ ಎಂಬುದು ನಮ್ಮ ಅಭಿಪ್ರಾಯ. ಕರಾರಿನ ವಿಷಯವನ್ನೂ ಕಲಿಯಿರಿ. ಅಷ್ಟೊಂದು ಯಶಸ್ಸಿನ ನಡುವೆಯೂ ಮಾರ್ಟಿನ್ ಸಂಬಳದ ನೌಕರರಾಗಿಯೇ ಇದ್ದರು, ರಾಯಲ್ಟಿ ಇರಲಿಲ್ಲ. 1965ರಲ್ಲಿ ಇಎಂಐ ಬಿಟ್ಟು ಜೊತೆಯವರೊಂದಿಗೆ ಎಐಆರ್ ಎಂಬ ಸ್ವಂತ ಕಂಪನಿ ಕಟ್ಟಿದ್ದರ ಹಿಂದೆ ಆ ಬೇಸರವಿತ್ತು. ಹಾಡಿನಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಮುದ್ರಣದ ದಿನವೇ ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ.

ಕಿವಿಯ ವಿಷಯ ಹೇಳದೆ ಈ ಬರಹ ನಿಲ್ಲಿಸುವಂತಿಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮಿತಿ ಎನ್ನುತ್ತದೆ ಕೆಲಸದ ಸ್ಥಳದ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕಿಳಿಯುತ್ತದೆ. 94ಕ್ಕೆ ಒಂದೇ ಗಂಟೆ, 100ಕ್ಕೆ ಕಾಲು ಗಂಟೆ. ಜೋರಾಗಿ ಕೇಳಿದಾಗ ಬಾಸ್ ಮತ್ತು ಟ್ರೆಬಲ್ ಹೆಚ್ಚಿದಂತೆ ಕೇಳುವುದು ಕಿವಿಯ ಗುಣ, ಹಾಗಾಗಿ ಜೋರಿನಲ್ಲಿ ಮಾಡಿದ ಮಿಕ್ಸ್ ಮೆಲ್ಲಗೆ ಕೇಳಿದಾಗ ಬಡವಾಗುತ್ತದೆ. ಮಾತಾಡಲು ದನಿ ಏರಿಸಬೇಕಾಗದಷ್ಟು ಮಟ್ಟದಲ್ಲಿ ಕೆಲಸ ಮಾಡಿ, ಗಂಟೆಗೊಮ್ಮೆ ಹತ್ತು ನಿಮಿಷ ಎದ್ದು ಹೋಗಿ. ವರ್ಷಕ್ಕೊಮ್ಮೆ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆಯ ನಕ್ಷೆ) ಮಾಡಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಸದ್ದಿನಿಂದಾಗುವ ಹಾನಿ ಮೊದಲು ಕಾಣುವುದು 4000 ಹರ್ಟ್ಸ್‌ನ ಆಸುಪಾಸು. ಅಲ್ಲಿ ಗೆರೆ ಕುಸಿಯತೊಡಗಿದ್ದು ಕಂಡರೆ ಆ ವಾರವೇ ಮಾನಿಟರ್ ಸ್ಪೀಕರಿನ ಮಟ್ಟ ಇಳಿಸಿ, ಕಿವಿಯ ವೈದ್ಯರನ್ನು ಕಾಣಿ.