ಮಳೆ ಲಾಗರ್, ಭಾಗ 7: ಕರೆಂಟ್ ಹೋದದ್ದು ತೋಟದಲ್ಲಿ, ಬಿದ್ದದ್ದು ಡೇಟಾಬೇಸ್

ತೋಟದ ಮಳೆ ಮಾಪಕಗಳು ಕಳಿಸುವ ಲೆಕ್ಕವನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕೂಡಿಡುತ್ತದೆ. ಹದಿನೈದು ದಿನದಿಂದ ಅದರದ್ದೇ ಗೋಳು. ಜೋರು ಮಳೆ ಹಿಡಿದ ರಾತ್ರಿ ಪೋಸ್ಟ್‌ಗ್ರೆಸ್ ಸತ್ತಿರುತ್ತದೆ. ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’, ಕೆಳಗೆ ‘ಸಿಗ್ನಲ್ 9: ಕಿಲ್ಡ್’. ಸರ್ವರ್ ಅಂದರೆ 1 ಜಿಬಿ ರ‍್ಯಾಮ್‌ನ ಹಳೇ ರಾಸ್‌ಬೆರಿ ಪೈ 3 ಎಂಬ ಪುಟ್ಟ ಕಂಪ್ಯೂಟರ್. ಪಾಪ, ಅದಕ್ಕೆ ಭಾರವಾಯಿತೇನೋ ಅಂತ ವರ್ಕ್_ಮೆಮ್ (ಸಾರ್ಟ್‌ನಂಥ ಕೆಲಸಕ್ಕೆ ಕೊಡುವ ಮೆಮೊರಿ) 4 ಎಂಬಿಯಿಂದ 2ಕ್ಕೆ ಇಳಿಸಿದೆ. ಮೂರನೇ ರಾತ್ರಿ ಮತ್ತೆ ಬಿತ್ತು.

ಬೆಳಿಗ್ಗೆ ನೋಡಿದರೆ ಎಲ್ಲ ಸರಿ ಇರುತ್ತಿತ್ತು. ಮೆಮೊರಿ ಸಾಲದೆ ಕರ್ನಲ್ (ಲಿನಕ್ಸ್‌ನ ತಿರುಳು) ಒಂದು ಪ್ರೋಸೆಸ್ ಕೊಂದರೆ ಪೋಸ್ಟ್‌ಗ್ರೆಸ್ ಉಳಿದ ಕನೆಕ್ಷನ್‌ಗಳನ್ನೂ ಕಿತ್ತೊಗೆದು ಹೊಸದಾಗಿ ಏಳುತ್ತದೆ. ಸಾಕ್ಷಿಯೂ ಅದರ ಜೊತೆಗೇ ಹೋಯಿತು.

ಹಾಗಾಗಿ ಮೊನ್ನೆ ನಿದ್ದೆಗೆಟ್ಟು ಕೂತೆ. ಕನೆಕ್ಷನ್‌ಗೆ ಒಂದೊಂದು ಸಾಲು ತೋರಿಸುವ ಪಿಜಿ_ಸ್ಟಾಟ್_ಆಕ್ಟಿವಿಟಿಯಲ್ಲಿ 40 ಸಾಲು. ಕರೆಂಟ್ ಹೋಗಿ ಬಂತು: 80. ಇನ್ನೊಮ್ಮೆ ಹೋಗಿ ಬಂತು: 120! ಎಲ್ಲದರ ಸ್ಥಿತಿ ‘ಐಡಲ್’ (ಸುಮ್ಮನೆ ಕೂತಿದೆ), ಐಪಿ ವಿಳಾಸ ಮಾತ್ರ ಅವೇ ನಾಲ್ಕು.

ತೋಟದ ನಾಲ್ಕು ಮಾಪಕಗಳ ಪೈ ಝೀರೋ ಬೋರ್ಡುಗಳಿಗೆ ಯುಪಿಎಸ್ ಇಲ್ಲ, ಸರ್ವರ್‌ಗೆ ಇದೆ. ಬೋರ್ಡು ಧಪ್ಪನೆ ಆರಿದರೆ ‘ಹೊರಟೆ’ ಎಂದು ಹೇಳುವವರಿಲ್ಲ. ಸರ್ವರ್ ಇನ್ನೂ ಕಿವಿಗೊಟ್ಟು ಕೂತಿರುತ್ತದೆ. ಲಿನಕ್ಸ್ ಮೊದಲ ಕೀಪ್‌ಅಲೈವ್ (‘ಇದ್ದೀಯಾ?’ ಎಂಬ ವಿಚಾರಣೆ) ಕಳಿಸುವುದು 7200 ಸೆಕೆಂಡಿನ ಮೇಲೆ, ಅಂದರೆ ಎರಡು ಗಂಟೆ. ಮಲೆನಾಡಿನ ಆಷಾಢದಲ್ಲಿ ಅಷ್ಟರೊಳಗೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಾನು ಹೇಳಬೇಕೆ? ಹಳೆಯವು ಹಾಗೇ ಉಳಿದಿರುವಾಗ ಪ್ರತಿ ಸಲವೂ ಬೋರ್ಡಿಗೆ 10ರಂತೆ 40 ಹೊಸ ಕನೆಕ್ಷನ್. ಒಂದೊಂದೂ ಬೇರೆ ಪ್ರೋಸೆಸ್, ಒಂದೊಂದಕ್ಕೂ ಕೆಲವು ಎಂಬಿ.

ನಾಚಿಕೆಯ ವಿಷಯ ಬೇರೆ ಇದೆ. ಜೂನ್‌ನಲ್ಲೇ ಪೋಸ್ಟ್‌ಗ್ರೆಸ್ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್‌ರೆಡಿ’ ಎಂದು ಎಚ್ಚರಿಸಿತ್ತು. ಕಿರಿಕಿರಿಯಾಗಿ ಮ್ಯಾಕ್ಸ್_ಕನೆಕ್ಷನ್ಸ್ (ಕನೆಕ್ಷನ್‌ಗಳ ಮಿತಿ) 100 ಇದ್ದದ್ದನ್ನು 500 ಮಾಡಿ ಅದರ ಬಾಯಿ ಮುಚ್ಚಿಸಿದವನು ನಾನೇ.

ಈಗ ಅದು 40. ಬೋರ್ಡಿಗೆ 2 ಕನೆಕ್ಷನ್ ಧಾರಾಳ. 10 ಯಾಕೆ ಇಟ್ಟಿದ್ದೆನೋ. ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ 60, ಇಂಟರ್ವಲ್ 10, ಕೌಂಟ್ 3: ಅಂದರೆ 60 ಸೆಕೆಂಡ್ ಸದ್ದಿಲ್ಲದಿದ್ದರೆ ಕೇಳು, 10 ಸೆಕೆಂಡಿಗೊಮ್ಮೆ ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಕಿತ್ತುಹಾಕು. ಮ್ಯಾಕ್ಸ್_ಕನೆಕ್ಷನ್ಸ್‌ಗೆ ರೀಸ್ಟಾರ್ಟ್ ಬೇಕು, ಉಳಿದವಕ್ಕೆ ರೀಲೋಡ್ ಸಾಕು. ಪರೀಕ್ಷೆಗೆ ಕೊಟ್ಟಿಗೆ ಹತ್ತಿರದ ಬೋರ್ಡಿನ ವೈರ್ ಕಿತ್ತು ಗಡಿಯಾರ ನೋಡುತ್ತ ನಿಂತೆ. ಒಂದೂವರೆ ನಿಮಿಷಕ್ಕೆ ಅದರ ಎರಡು ಸಾಲೂ ಮಾಯ.

ನಿನ್ನೆ ರಾತ್ರಿ ಕರೆಂಟ್ ಐದು ಸಲ ಹೋಯಿತು. ಬೆಳಿಗ್ಗೆ ಎಣಿಸಿದರೆ ಎಂಟೇ ಕನೆಕ್ಷನ್. ಆದರೆ ಮೂರನೇ ಮಾಪಕ ಸೊನ್ನೆ ಮಿಲಿಮೀಟರ್ ತೋರಿಸುತ್ತಿದೆ. ಮಾಪಕದೊಳಗಿನ ಪುಟ್ಟ ಬಕೆಟ್ಟಿನ ತಿರುಗಣೆಗೆ ಇರುವೆ ಗೂಡು ಕಟ್ಟಿವೆ. ಅದು ಭಾನುವಾರದ ಕೆಲಸ.