ಮಿಸ್ಸಿಸ್ಸಿಪ್ಪಿಯ ತವರಲ್ಲಿ ಟೆಂಟು ಹಾಕಿ

ಮಿಸ್ಸಿಸ್ಸಿಪ್ಪಿ ನದಿ ಹುಟ್ಟುವ ಜಾಗ ನೋಡಲು ಅರ್ಧ ಗಂಟೆ ಸಾಕು. ಸಾಲಾಗಿ ಜೋಡಿಸಿದ ಕಲ್ಲುಗಳ ಮೇಲೆ ಕಾಲಿಟ್ಟು ಈ ದಡದಿಂದ ಆ ದಡಕ್ಕೆ ದಾಟುವುದು, ಪಕ್ಕದ ಮರದ ಕಂಬಕ್ಕೆ ಒರಗಿ ಫೋಟೊ ತೆಗೆಸಿಕೊಳ್ಳುವುದು, ಕಾರು ಹತ್ತುವುದು. ಮಿನಿಯಾಪೊಲಿಸ್‌ನ ನಮ್ಮ ಕನ್ನಡದವರು ಬಹಳ ಜನ ಹೀಗೇ ಮಾಡಿ ಬಂದಿದ್ದಾರೆ. ಹೋಗೋಕೆ ನಾಲ್ಕು ಗಂಟೆ, ಬರೋಕೆ ನಾಲ್ಕು ಗಂಟೆ, ನಡುವೆ ಅರ್ಧ ಗಂಟೆ ನದಿ. ಆಮೇಲೆ "ಅಲ್ಲೇನಿದೆ ಮಹಾ, ನಮ್ಮೂರ ಹಳ್ಳ ಇದಕ್ಕಿಂತ ಅಗಲ" ಅನ್ನುತ್ತಾರೆ. ಸುಳ್ಳೇನಲ್ಲ. ಆದರೆ ಈ ಜಾಗ ಇರುವ, ಮಿನ್ನೆಸೋಟ ರಾಜ್ಯದ ಇಟಾಸ್ಕ ಸ್ಟೇಟ್ ಪಾರ್ಕಿನ ಸೊಗಸೆಲ್ಲ ಇರುವುದು ಆ ಕಲ್ಲುಗಳ ಹಿಂದಿನ ಕೆರೆಯಲ್ಲಿ, ಕೆರೆಯ ಸುತ್ತಲಿನ ಪೈನ್ ಕಾಡಿನಲ್ಲಿ. ಅದು ದಕ್ಕಬೇಕಾದರೆ ರಾತ್ರಿ ಅಲ್ಲೇ ಉಳಿಯಬೇಕು.

ಈ ಬೇಸಿಗೆಯಲ್ಲಿ ಹಾಸನದಿಂದ ಅತ್ತೆ, ಮಾವ ಬಂದಿದ್ದರು. ನದಿ ಹುಟ್ಟುವ ಜಾಗ ಅಂದ ಕೂಡಲೇ ಅತ್ತೆ ತಲಕಾವೇರಿಯ ಲೆಕ್ಕ ಹಾಕಿಕೊಂಡರು. "ಉಳ್ಕೊಳ್ಳೋಕೆ ಛತ್ರ ಏನಾದ್ರೂ ಇದೆಯೇನೇ?" ಅಂದರು. ಛತ್ರ ಇಲ್ಲ, ಟೆಂಟು ಹಾಕಿ ಮಲಗೋದು ಅಂದೆ. ಮಾವ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಿದರು. "ಇಷ್ಟು ದೊಡ್ಡ ಮನೆ ಇಟ್ಕೊಂಡು ಬಯಲಲ್ಲಿ ಯಾಕಮ್ಮ ಮಲಗಬೇಕು?"

ಬಯಲಲ್ಲಿ ಮಲಗಲಿಕ್ಕೂ ಇಲ್ಲಿ ಪೈಪೋಟಿ ಇದೆ ಅಂತ ಅವರಿಗೆ ಹೇಗೆ ಹೇಳಲಿ? ಮಿನ್ನೆಸೋಟದ ಸ್ಟೇಟ್ ಪಾರ್ಕುಗಳಲ್ಲಿ ಕ್ಯಾಂಪಿಂಗ್ ಜಾಗದ ಬುಕಿಂಗ್ 120 ದಿನ ಮೊದಲು ತೆರೆಯುತ್ತದೆ. ಜುಲೈ ತಿಂಗಳ ಶನಿವಾರ ಬೇಕೆಂದರೆ ತತ್ಕಾಲ್ ಟಿಕೆಟ್ಟಿಗೆ ಕೂತ ಹಾಗೆ ಕೂರಬೇಕು. ಇಟಾಸ್ಕದಲ್ಲಿ ಬೇರ್ ಪಾ, ಪೈನ್ ರಿಜ್ ಅಂತ ಎರಡು ಕ್ಯಾಂಪ್‌ಗ್ರೌಂಡ್ ಇವೆ. ಕೆರೆಗೆ ಹತ್ತಿರ ಇರೋದು ಬೇರ್ ಪಾ. ನಮ್ಮ ಟೆಂಟಿಗೆ ಅಲ್ಲಿ ಜಾಗ ಸಿಕ್ಕಿತು. ಜೊತೆಗೆ ಬಂದ ಗೆಳೆಯರ ಮನೆಯವರು ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದು ತರುವ ಪುಟ್ಟ ಮನೆ, ಬಾಡಿಗೆಗೆ ತಂದಿದ್ದರು, ಅವರಿಗೆ ಕರೆಂಟ್ ಇರುವ ಜಾಗವೇ ಬೇಕು. ಅದು ಸಿಕ್ಕಿದ್ದು ಪೈನ್ ರಿಜ್‌ನಲ್ಲಿ.

ಮಾವನಿಗೆ ಮಂಡಿ ನೋವು. ಅವರು ಟ್ರೇಲರಿನಲ್ಲಿ ಮಲಗುವುದೆಂದು ಹೊರಡುವ ಮೊದಲೇ ತೀರ್ಮಾನವಾಗಿತ್ತು. ಅತ್ತೆಯೂ ಅಲ್ಲೇ ಅಂದುಕೊಂಡಿದ್ದೆವು. ಆದರೆ ಅವರು ಟ್ರೇಲರಿನೊಳಗೆ ಹೋಗಿ, ಒಲೆಯಿಂದ ಎರಡೇ ಹೆಜ್ಜೆಗೆ ಇದ್ದ ಬಾಗಿಲು ತೆಗೆದು ನೋಡಿ, ಹಾಗೇ ಮುಚ್ಚಿ ಹೊರಗೆ ಬಂದರು. "ಅಡುಗೆಮನೆ ಪಕ್ಕದಲ್ಲೇ ಕಕ್ಕಸು. ನಾನು ನಿಮ್ಮ ಟೆಂಟಿಗೇ ಬರ್ತೀನಿ ಕಣೇ."

ಟ್ರೇಲರ್ ನಿಲ್ಲಿಸೋದು ಒಂದು ದೊಡ್ಡ ತಮಾಷೆ. ಹಿಂದಕ್ಕೆ ತೆಗೆಯುವಾಗ ಅದರ ಹಿಂಬದಿ ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಗೆಳೆಯ ಗಾಡಿಯಲ್ಲಿ, ಅವನ ಹೆಂಡತಿ ಹೊರಗೆ ನಿಂತು ಕೈ ಬೀಸುತ್ತಾ. "ಬಾ ಬಾ ಬಾ, ಅಯ್ಯೋ ಆ ಕಡೆ ಅಲ್ಲ, ಈ ಕಡೆ!" ಯಾವ ಕಡೆ ಅಂತ ಅವನಿಗೆ ಕನ್ನಡಿಯಲ್ಲಿ ಹೇಗೆ ಗೊತ್ತಾಗಬೇಕು? ಕೊನೆಗೆ ಪಕ್ಕದ ಸೈಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಜ್ಜ ಎದ್ದು ಬಂದರು. ಸ್ಟೀರಿಂಗಿನ ಕೆಳಗಡೆ ಹಿಡ್ಕೋ, ಟ್ರೇಲರ್ ಯಾವ ಕಡೆ ಹೋಗಬೇಕೋ ಕೈಯನ್ನೂ ಆ ಕಡೆಗೇ ಸರಿಸು ಅಂದರು. ಅಷ್ಟೇ, ಸರಿಹೋಯಿತು. ಆಮೇಲೆ ಚಕ್ರದ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡೋದು, ಕರೆಂಟ್ ಜೋಡಿಸೋದು, ಗ್ಯಾಸ್ ತೆರೆಯೋದು. ಇದೆಲ್ಲ ಮುಗಿಯುವ ಹೊತ್ತಿಗೆ ನಾವು ಟೆಂಟು ಎಬ್ಬಿಸಿ, ಗೂಟ ಹೊಡೆದು, ಫ್ಲಾಸ್ಕಿನಲ್ಲಿ ತಂದ ಡಿಕಾಕ್ಷನ್‌ಗೆ ಹಾಲು ಕಾಯಿಸಿ ಕಾಫಿ ಕುಡಿದಾಗಿತ್ತು. ಟೆಂಟಿನ ಪರ ನನ್ನ ವಾದ ಇಷ್ಟೇ. ಮಳೆ ಬಂದರೆ ಮಾತ್ರ ಈ ವಾದ ನಿಲ್ಲೋದಿಲ್ಲ.

ಸೌದೆಯನ್ನು ಮನೆಯಿಂದ ತರುವ ಹಾಗಿಲ್ಲ, ಪಾರ್ಕಿನಲ್ಲೋ ಅನುಮತಿ ಇರುವ ಅಂಗಡಿಯಲ್ಲೋ ಕೊಳ್ಳಬೇಕು. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಹುಳು ಸೌದೆಯ ಜೊತೆ ಊರೂರು ಸುತ್ತಿ ಆಶ್ ಮರಗಳನ್ನು ಕೊಲ್ಲುತ್ತಿದೆ, ಅದಕ್ಕೇ ಈ ನಿಯಮ. ಸೌದೆಯ ಕಂತೆ ಬಿಚ್ಚಿದ್ದೇ ತಡ, ಬೆಂಕಿಯ ಉಸ್ತುವಾರಿ ಅತ್ತೆಯ ಕೈಗೆ ಹೋಯಿತು. ನಮ್ಮವರು ಯೂಟ್ಯೂಬ್ ನೋಡಿ ಸೌದೆಯನ್ನು ಗೋಪುರದ ಹಾಗೆ ಜೋಡಿಸುತ್ತಿದ್ದರು. ಅತ್ತೆ ಅದನ್ನು ಬೀಳಿಸಿ, ಮೂರು ಕೊರಡನ್ನು ಮೂರು ದಿಕ್ಕಿನಿಂದ ತಂದು ತುದಿ ತಾಗಿಸಿ, ನಡುವೆ ಸಿಬಿರು ತುರುಕಿ ಒಂದೇ ಕಡ್ಡಿಗೆ ಹತ್ತಿಸಿದರು. ಉರಿ ಜಾಸ್ತಿಯಾದರೆ ಒಂದು ಕೊರಡು ಹಿಂದಕ್ಕೆ ಎಳೆಯುವುದು, ಕಡಿಮೆಯಾದರೆ ಒಳಕ್ಕೆ ದೂಡುವುದು. ಕೆಂಡದಲ್ಲಿ ದಪ್ಪ ಬದನೆಕಾಯಿ ಹಾಕಿದರು. ಸಿಪ್ಪೆ ಕರಕಲಾಗಿ, ಸೀಳಿ, ರಸ ಚೊಯ್ಯೆಂದು ಕೆಂಡಕ್ಕೆ ತೊಟ್ಟಿಕ್ಕಿತು. ಸಿಪ್ಪೆ ಬಿಡಿಸಿ, ಕಿವುಚಿ, ಹಸಿಮೆಣಸಿನಕಾಯಿ, ಹುಣಸೆರಸ, ಬೆಲ್ಲ ಹಾಕಿ ಗೊಜ್ಜು ಮಾಡಿದರು. ಆ ಹೊಗೆಯ ವಾಸನೆಗೇ ಎರಡು ಚಪಾತಿ ಜಾಸ್ತಿ ಹೋಯಿತು. ಮಗಳು ಮಾತ್ರ ಮಾರ್ಷ್‌ಮೆಲ್ಲೋ ಸುಡುವುದರಲ್ಲೇ ಇದ್ದಳು.

ಸೊಳ್ಳೆಯ ವಿಷಯ ಹೇಳದಿದ್ದರೆ ಮೋಸವಾಗುತ್ತದೆ. ಸಂಜೆ ಎಂಟರ ಮೇಲೆ ಅವುಗಳದೇ ರಾಜ್ಯ. ಸ್ಪ್ರೇ ಬೇಕು, ಪೂರ್ತಿ ತೋಳಿನ ಅಂಗಿ ಬೇಕು, ಕಾಲುಚೀಲ ಬೇಕು. ಕಾಡಿನಲ್ಲಿ ನಡೆದು ಬಂದ ಮೇಲೆ ಉಣ್ಣಿ ಹುಳು ಕಚ್ಚಿಕೊಂಡಿದೆಯಾ ಅಂತ ಕಾಲು ನೋಡಿಕೊಳ್ಳಬೇಕು. ಕರಡಿಗಳೂ ಇವೆ. ಅದಕ್ಕೆ ತಿಂಡಿಯ ಡಬ್ಬಿ, ಕೂಲರ್, ಟೂತ್‌ಪೇಸ್ಟ್ ಕೂಡ ರಾತ್ರಿ ಕಾರಿನೊಳಗೆ ಇಟ್ಟೆವು.

ರಾತ್ರಿ ಹತ್ತರಿಂದ ಬೆಳಗ್ಗೆ ಎಂಟರವರೆಗೆ ಸದ್ದು ಮಾಡಬಾರದು. ಆದರೆ ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಒಂಬತ್ತು ದಾಟಿದ ಮೇಲೆ. ಹತ್ತಕ್ಕೂ ಆಕಾಶದಲ್ಲಿ ಬೆಳಕಿರುತ್ತದೆ. ಇನ್ನೂ ಕತ್ತಲಾಗಿಲ್ಲ, ಯಾಕೆ ಮಲಗಬೇಕು ಅಂತ ಮಗಳ ವಾದ. ಅದು ಮುಗಿಯುವ ಮೊದಲೇ ಕೆರೆಯ ಕಡೆಯಿಂದ ಉದ್ದನೆಯ ಕೂಗೊಂದು ಬಂತು. ಅತ್ತೆ ದಡಕ್ಕನೆ ಎದ್ದು ಕೂತರು. "ಯಾರೋ ಅಳ್ತಿದ್ದಾರೆ!" ಲೂನ್ ಹಕ್ಕಿ ಅತ್ತೆ, ಈ ರಾಜ್ಯದ ಪಕ್ಷಿ ಅಂದೆ. ಆ ಕಡೆಯ ದಡದಿಂದ ಇನ್ನೊಂದು ಉತ್ತರ ಕೊಟ್ಟಿತು. ಮೊದಲು ಅಳುವಿನ ಹಾಗೆ, ಆಮೇಲೆ ಹುಚ್ಚು ನಗುವಿನ ಹಾಗೆ. "ರಾಜ್ಯದ ಪಕ್ಷಿಗೆ ಬೇರೆ ಯಾವುದೂ ಸಿಗಲಿಲ್ವೇ?" ಅಂದು ಅತ್ತೆ ಮುಸುಕೆಳೆದರು. ಬೆಳಗ್ಗೆ ಅದೇ ಹಕ್ಕಿಯನ್ನು ಕಂಡಾಗ ಅವರ ದೂರು ನಿಂತಿತು. ಕಪ್ಪು ಬಿಳಿ ಚೌಕುಳಿ ಬೆನ್ನು, ಕೆಂಪು ಕಣ್ಣು, ಬೆನ್ನ ಮೇಲೆ ಒಂದು ಮರಿ. ಮರಿ ಬೆನ್ನೇರಿ ಕೂತು ಕೆರೆ ಸುತ್ತುತ್ತಿತ್ತು.

ನದಿಯ ಹತ್ತಿರ ಬೆಳಗ್ಗೆ ಏಳಕ್ಕೇ ಹೋದೆವು. ಹತ್ತು ಗಂಟೆಯ ಮೇಲೆ ಕಲ್ಲಿನ ಮೇಲೆ ಕಾಲಿಡಲು ಸರದಿ ಕಾಯಬೇಕಾಗುತ್ತದೆ, ಏಳಕ್ಕೆ ಇದ್ದವರು ನಾವಷ್ಟೇ. ಕಂಬದ ಮೇಲೆ ಹಳದಿ ಅಕ್ಷರದಲ್ಲಿ ಬರೆದಿದೆ: ಸಮುದ್ರಮಟ್ಟದಿಂದ 1475 ಅಡಿ ಎತ್ತರದ ಈ ಜಾಗದಿಂದ ಮೆಕ್ಸಿಕೊ ಕೊಲ್ಲಿಗೆ 2552 ಮೈಲಿ. ಮಾವ ರಿಟೈರ್ಡ್ ಮೇಷ್ಟ್ರು, ನಕ್ಷೆ ಬಿಚ್ಚಿದರು. ದಕ್ಷಿಣದ ಸಮುದ್ರ ಸೇರಬೇಕಾದ ನದಿ ಇಲ್ಲಿಂದ ಹೊರಡುವುದು ಉತ್ತರಕ್ಕೆ. ಬೆಮಿಜಿ ಊರಿನವರೆಗೆ ಹೋಗಿ, ಪೂರ್ವಕ್ಕೆ ಹೊರಳಿ, ಆಮೇಲೆ ಕೆಳಗಿಳಿಯುತ್ತದೆ. ಇಲ್ಲಿಂದ ಹೊರಟ ಒಂದು ಹನಿ ಸಮುದ್ರ ಸೇರಲು ಸುಮಾರು 90 ದಿನ ಬೇಕಂತೆ. "ನನ್ನ ವೀಸಾ ಮುಗಿಯೋಕೆ ಮೊದಲೇ ತಲುಪುತ್ತೆ ಬಿಡು" ಅಂದರು ಮಾವ.

ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದರು. ಮಂಡಿಯವರೆಗೂ ಬರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದು "ಗಂಗೇ ಚ ಯಮುನೇ ಚೈವ" ಶುರು ಮಾಡಿದರು. ಗೋದಾವರಿ, ಸರಸ್ವತಿ, ನರ್ಮದೆ, ಸಿಂಧು, ಕಾವೇರಿ, ಏಳೂ ಮುಗಿದವು. ಒಂದು ಕ್ಷಣ ತಡೆದು ನನ್ನ ಕಡೆ ತಿರುಗಿ, "ಇವಳ ಹೆಸರೇನೇ?" ಅಂದರು. ಹೇಳಿದೆ. "ಮಿಸಿಸಿಪಿ" ಅಂತ ಎಂಟನೆಯದಾಗಿ ಸೇರಿಸಿ ತಲೆಗೆ ಪ್ರೋಕ್ಷಿಸಿಕೊಂಡರು.

ಈ ಕಲ್ಲಿನ ಸಾಲನ್ನು ಮನುಷ್ಯರು ಜೋಡಿಸಿದ್ದು ಅಂತ ಅವರಿಗೆ ಆಗ ಹೇಳಲಿಲ್ಲ. ಮೊದಲು ಇಲ್ಲಿದ್ದದ್ದು ಜೌಗು. 1930ರ ದಶಕದಲ್ಲಿ ಸಿಸಿಸಿ ಎಂಬ ಸರ್ಕಾರಿ ಯೋಜನೆಯ ಯುವಕರು ಮಣ್ಣು ತುಂಬಿ, ಕಾಲುವೆ ತಿದ್ದಿ, ಜನ ದಾಟಿ ಹೋಗುವ ಹಾಗೆ ಕಲ್ಲಿಟ್ಟರು. ನದಿಯ ಮೂಲ ಕಂಡುಹಿಡಿದದ್ದು 1832ರಲ್ಲಿ ಸ್ಕೂಲ್‌ಕ್ರಾಫ್ಟ್ ಎಂಬ ಅನ್ವೇಷಕ ಅಂತ ಪಾಠಗಳಲ್ಲಿ ಇರುತ್ತದೆ. ಅವನನ್ನು ಕರೆತಂದು ತೋರಿಸಿದವನು ಓಜವಿಂಡಿಬ್, ಇಲ್ಲಿನ ಮೂಲನಿವಾಸಿಗಳಾದ ಓಜಿಬ್ವೆ ಜನರ ನಾಯಕ. ಗೊತ್ತಿದ್ದವರು ತೋರಿಸಿದ್ದನ್ನು ಕಂಡುಹಿಡಿದೆ ಅನ್ನುವುದು ವಿಚಿತ್ರ, ಅಲ್ವಾ?

ನನಗೆ ಇಲ್ಲಿ ಹೆಚ್ಚು ಹಿಡಿಸಿದ ಕಥೆ ಮೇರಿ ಗಿಬ್ಸ್‌ಳದು. ಈ ಪಾರ್ಕ್ ಆದದ್ದು 1891ರಲ್ಲಿ, ಮಿನ್ನೆಸೋಟದ ಮೊದಲನೆಯದು. ಆದರೆ ಪಾರ್ಕ್ ಅಂದ ಮಾತ್ರಕ್ಕೆ ಕೊಡಲಿ ನಿಲ್ಲಲಿಲ್ಲ. 1903ರಲ್ಲಿ, ಪಾರ್ಕಿನ ಕಮಿಷನರ್ ಆಗಿದ್ದ ಅಪ್ಪ ತೀರಿಕೊಂಡ ಮೇಲೆ 24 ವರ್ಷದ ಮೇರಿಗೆ ಆ ಕೆಲಸ ಬಂತು. ದಿಮ್ಮಿ ತೇಲಿಸುವ ಕಂಪನಿಯವರು ನದಿಗೆ ಅಣೆಕಟ್ಟು ಹಾಕಿ ಗೇಟು ಮುಚ್ಚಿದ್ದರು. ಕೆರೆಯ ನೀರು ಏರಿ ದಡದ ಪೈನ್ ಮರಗಳ ಬುಡ ಮುಳುಗುತ್ತಿತ್ತು. ಗೇಟು ತೆಗೆಸಲು ಹೋದರೆ ಮುಟ್ಟಿದವರಿಗೆ ಗುಂಡು ಹೊಡೆಯುತ್ತೇವೆ ಅಂದರು. ಅವಳು ಹೆದರಿ ಹಿಂದೆ ಸರಿಯಲಿಲ್ಲ. ಕೆಲಸದಲ್ಲಿ ಇದ್ದದ್ದು ಕೆಲವೇ ತಿಂಗಳು, ಆಮೇಲೂ ವರ್ಷಗಟ್ಟಲೆ ಮರ ಬೀಳುತ್ತಲೇ ಇದ್ದವು. ಆದರೂ ಇನ್ನೂರು ವರ್ಷ ದಾಟಿದ ಕೆಂಪು ಪೈನ್‌ಗಳು ಇಲ್ಲಿ ಇವತ್ತಿಗೂ ನಿಂತಿವೆ. ಅವಳಂಥ ಹಠಮಾರಿಗಳು ಇರದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ನದಿಯ ಪಕ್ಕದ ಕೇಂದ್ರಕ್ಕೆ ಅವಳದೇ ಹೆಸರಿಟ್ಟಿದ್ದಾರೆ. ಕಲ್ಲಿಗೆ ಓಡುವ ಅವಸರದಲ್ಲಿ ಅಲ್ಲಿನ ಫಲಕ ಓದುವವರು ಕಡಿಮೆ.

ಮಧ್ಯಾಹ್ನ ನಮ್ಮವರು, ಮಗಳು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಹೋದರು. ನಾನು ಕೆರೆ ದಡದಲ್ಲಿ ಸುಮ್ನೆ ಕೂತೆ.

ವಾಪಸ್ ಹೊರಡುವ ದಿನ ಟೆಂಟು ಹತ್ತು ನಿಮಿಷದಲ್ಲಿ ಚೀಲ ಸೇರಿತು. ಟ್ರೇಲರಿನವರು ಡಂಪ್ ಸ್ಟೇಷನ್ನಿನ ಸಾಲಿನಲ್ಲಿ ನಿಂತರು. ಮುಂದೆ ಆರೇಳು ಗಾಡಿ. ತಮ್ಮ ಟ್ಯಾಂಕಿನ ಕೊಳಚೆಯನ್ನು ದಪ್ಪ ಪೈಪು ಹಾಕಿ ಗುಂಡಿಗೆ ಬಿಟ್ಟು, ತೊಳೆದು ಹೋಗಬೇಕು. ಮಾವ ಇಳಿದು ಬಂದು ಪಕ್ಕದಲ್ಲಿ ನಿಂತು ಇದನ್ನೆಲ್ಲ ಬಹಳ ಆಸಕ್ತಿಯಿಂದ ನೋಡಿದರು. ನದಿಯ ಹತ್ತಿರವೂ ಅವರು ಅಷ್ಟು ಹೊತ್ತು ನಿಂತಿರಲಿಲ್ಲ.

ದಾರಿಯಲ್ಲಿ ಪಾರ್ಕ್ ರ್‍ಯಾಪಿಡ್ಸ್ ಊರಿನಲ್ಲಿ ಒಂದು ಪೊಟ್ಟಣ ವೈಲ್ಡ್ ರೈಸ್ ಕೊಂಡೆವು. ಈ ಕಡೆಯ ಕೆರೆಗಳಲ್ಲಿ ತಾನಾಗಿ ಬೆಳೆಯುವ, ಕಪ್ಪಗೆ ಉದ್ದಕ್ಕಿರುವ ಕಾಳು. ಓಜಿಬ್ವೆ ಜನ ದೋಣಿಯಲ್ಲಿ ಕೂತು ತೆನೆ ಬಾಗಿಸಿ, ಕೋಲಿನಿಂದ ಬಡಿದು ಉದುರಿಸಿಕೊಳ್ಳುತ್ತಾರೆ. ಮನೆಗೆ ಬಂದ ಮೇಲೆ ಅತ್ತೆ ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದರು. ಬೇಯಲಿಲ್ಲ. ಇನ್ನೂ ನಾಲ್ಕು ಕೂಗಿಸಿದ ಮೇಲೆ ಕಾಳು ಸೀಳಿ ಅರಳಿತು. ನಿಂಬೆಹಣ್ಣು ಹಿಂಡಿ, ಕಡಲೆಕಾಯಿಬೀಜದ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡಿದರು. ಮಾವ ಎರಡನೇ ಸಲವೂ ಹಾಕಿಸಿಕೊಂಡು, ಮುಂದಿನ ಸಲ ಬಂದಾಗ ಟ್ರೇಲರ್ ಹಿಂದಕ್ಕೆ ತೆಗೆಯೋದು ನಾನೇ ಕಲಿಯುತ್ತೇನೆ ಅಂದರು.