ಹಳೇ ಕನ್ಸೋಲ್‌ಗಳಲ್ಲಿ ಯಾರೂ ಹೇಳದ ಗೇಮ್ ಯಾವ್ದು ಆಡ್ಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಂಗೆ ಹಳೇ ಗೇಮ್ ಹುಚ್ಚು ಅಂತ ಗೊತ್ತಾದ ಕೂಡ್ಲೇ ಜನ ಕೇಳೋದು ಇದೇ ಪ್ರಶ್ನೆ. ಮಾರಿಯೋ ಗೊತ್ತು, ಸೋನಿಕ್ ಗೊತ್ತು, ಕಾಂಟ್ರಾ ಜೆಲ್ಡಾ ಎಲ್ಲಾ ಆಡಿ ಆಯ್ತು, ಎಲ್ಲಾ ಪಟ್ಟಿಲೂ ಬರೋ ಅದೇ ಹತ್ತು ಹೆಸ್ರು ಬಿಟ್ಟು ಬೇರೆ ಏನಾದ್ರೂ ಇದ್ಯಾ, ಅದೂ ಹಳೇದು ಪಾಪ ಅಂತ ಸಹಿಸ್ಕೊಂಡು ಆಡೋದಲ್ಲ, ಇವತ್ತು ಕೂತು ಆಡಿದ್ರೂ ಎದ್ದೇಳೋಕೆ ಮನಸಾಗ್ದೇ ಇರೋ ಅಂಥದ್ದು? ಇದೆ. ಬೇಕಾದಷ್ಟಿದೆ.

ಆದ್ರೆ ನಾನು ಮೊದ್ಲು ಹೇಳೋದು ಗೇಮ್ ಹೆಸ್ರಲ್ಲ, ಹುಡುಕೋ ಜಾಗ. ಯಾವ್ದೇ ಕನ್ಸೋಲ್ ತಗೊಳ್ಳಿ, ಅದರ ಕೊನೇ ಎರಡು ವರ್ಷದಲ್ಲಿ ಬಂದ ಗೇಮ್‌ಗಳನ್ನ ನೋಡಿ. ಅಷ್ಟೊತ್ತಿಗೆ ಗೇಮ್ ಮಾಡೋರಿಗೆ ಆ ಮಷೀನಿನ ನರನಾಡಿ ಎಲ್ಲಾ ಗೊತ್ತಾಗಿರತ್ತೆ, ಅದ್ರಿಂದ ಏನೇನು ಹಿಂಡ್ಬಹುದೋ ಎಲ್ಲಾ ಹಿಂಡಿರ್ತಾರೆ, ಆದ್ರೆ ಕೊಳ್ಳೋರು ಹೊಸ ಮಷೀನಿನ ಹಿಂದೆ ಓಡಿರ್ತಾರೆ, ಪತ್ರಿಕೆಗಳೂ ಹೊಸದರ ಬಗ್ಗೆನೇ ಬರೀತಿರ್ತವೆ, ಹಂಗಾಗಿ ಒಳ್ಳೊಳ್ಳೇ ಗೇಮ್‌ಗಳು ಯಾರ ಕಣ್ಣಿಗೂ ಬೀಳದೇ ಹೋಗ್ಬಿಡ್ತವೆ. ಮರೆತುಹೋದ ಗೇಮ್ ಅಂದ್ರೆ ಏನೋ ಕೊರತೆ ಇರ್ಬೇಕು ಅಂತ ಬಹಳ ಜನ ಅಂದ್ಕೋತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಸಲ ಬಂದ ತಾರೀಕೇ ಕೊರತೆ, ಬೇರೇನೂ ಅಲ್ಲ.

ಇದಕ್ಕೆ ನಾನು ಯಾವಾಗ್ಲೂ ತೋರ್ಸೋದು ಗಿಮಿಕ್ ಅನ್ನೋ ಗೇಮ್. ಸನ್‌ಸಾಫ್ಟ್ ಕಂಪನಿಯೋರದ್ದು, 1992ರ ಜನವರಿಲಿ ಜಪಾನಿನ ಫ್ಯಾಮಿಕಾಮ್‌ಗೆ, ಅಂದ್ರೆ ನಿಂಟೆಂಡೊ ಕಂಪನಿಯ ಕನ್ಸೋಲಿಗೆ, ಬಂತು. ಫ್ಯಾಮಿಕಾಮ್ ಹುಟ್ಟಿದ್ದು 1983ರಲ್ಲಿ, ಅದರ ಮುಂದಿನ ಮಷೀನು ಸೂಪರ್ ಫ್ಯಾಮಿಕಾಮ್ 1990ರಲ್ಲೇ ಬಂದಾಗಿತ್ತು, ಅಂದ್ಮೇಲೆ ಲೆಕ್ಕ ಹಾಕಿ, ಇದು ಬಂದಾಗ ಹಳೇ ಡಬ್ಬದ ಕಡೆ ತಿರುಗಿ ನೋಡೋರು ಎಷ್ಟು ಜನ ಇದ್ದಿರ್ಬಹುದು ಅಂತ. ಆಮೇಲೆ ಸ್ಕ್ಯಾಂಡಿನೇವಿಯಾ ಕಡೆ ಒಂದಿಷ್ಟು ಹೋಯ್ತು, ಅಮೆರಿಕಕ್ಕೆ ಆಗ ಬರ್ಲೇ ಇಲ್ಲ.

ನೋಡೋಕೆ ಪುಟ್ಟ ಮಕ್ಕಳ ಆಟ ಇದ್ದಂಗಿದೆ. ಯುಮೆತಾರೋ ಅಂತ ಒಂದು ಹಸಿರು ಪುಟಾಣಿ, ಒಬ್ಬ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದವನು, ಇದನ್ನ ನೋಡಿ ಹೊಟ್ಟೆಕಿಚ್ಚು ಪಟ್ಟ ಹಳೇ ಆಟಿಕೆಗಳು ಆ ಹುಡುಗಿನ ಬೇರೆ ಲೋಕಕ್ಕೆ ಎತ್ಕೊಂಡು ಹೋಗ್ತವೆ, ಅಷ್ಟೇ ಕತೆ. ಆದ್ರೆ ಆಟ ಶುರು ಮಾಡಿ. ಬಟನ್ ಒತ್ತಿ ಹಿಡ್ಕೊಂಡ್ರೆ ಅವನ ತಲೆ ಮೇಲೆ ಒಂದು ನಕ್ಷತ್ರ ತಿರುಗ್ತಾ ತಿರುಗ್ತಾ ದೊಡ್ಡದಾಗತ್ತೆ. ಬಿಟ್ರೆ ಗುಂಡಿನ ಥರ ನೆಟ್ಟಗೆ ಹೋಗಲ್ಲ, ನೆಲಕ್ಕೆ ಬಿದ್ದು ಪುಟಿಯತ್ತೆ, ಗೋಡೆಗೆ ಬಡಿದು ವಾಪಸ್ ಬರತ್ತೆ, ಇಳಿಜಾರು ಸಿಕ್ಕಿದ್ರೆ ಉರುಳ್ಕೊಂಡು ಹೋಗತ್ತೆ. ಹಂಗೆ ಪುಟೀತಿರೋ ನಕ್ಷತ್ರದ ಮೇಲೆ ಯುಮೆತಾರೋ ಹತ್ತಿ ನಿಲ್ಬಹುದು! ಅಂದ್ರೆ ಎತ್ತರದಲ್ಲಿ ಒಂದು ಕಟ್ಟೆ ಇದೆ, ನೆಗೆದ್ರೆ ಸಿಗಲ್ಲ ಅಂತಿಟ್ಕೊಳ್ಳಿ, ನಕ್ಷತ್ರನ ಗೋಡೆ ಕಡೆ ಎಸೆದು ಅದು ವಾಪಸ್ ಪುಟಿದು ಬರೋ ಗಳಿಗೆ ನೋಡ್ಕೊಂಡು ಅದರ ಮೇಲೆ ಹಾರಿ, ಅಲ್ಲಿಂದ ಇನ್ನೊಂದು ಸಲ ಹಾರಿದ್ರೆ ಸಿಗತ್ತೆ. ಇದನ್ನ ಗೇಮ್ ಎಲ್ಲೂ ಹೇಳ್ಕೊಡಲ್ಲ. ನಂಗೆ ಗೊತ್ತಾಗಿದ್ದು ಅಕಸ್ಮಾತ್ತಾಗಿ, ಶತ್ರುಗೆ ಎಸೆದಿದ್ದು ತಪ್ಪಿ ವಾಪಸ್ ಬಂತು, ನಾನು ಅದೇ ಹೊತ್ತಿಗೆ ಹಾರಿದ್ದೆ, ನೋಡಿದ್ರೆ ನಕ್ಷತ್ರದ ಮೇಲೆ ನಿಂತು ಮುಂದೆ ಹೋಗ್ತಿದೀನಿ. ಆವತ್ತಿನ ಖುಷಿ ಇನ್ನೂ ನೆನಪಿದೆ.

ಕಷ್ಟ ಇದೆ, ಅದನ್ನ ಮುಚ್ಚಿಡಲ್ಲ. ಪ್ರತಿ ಹಂತದಲ್ಲೂ ಒಂದೊಂದು ವಸ್ತು ಬಚ್ಚಿಟ್ಟಿದಾರೆ, ಜೀವ ಎಲ್ಲಾ ಮುಗಿದ್ಮೇಲೂ ಆಟ ಮುಂದುವರ್ಸೋಕೆ ಬಿಡೋ ಕಂಟಿನ್ಯೂ ಬಳಸದೇ ಎಲ್ಲಾ ಸೇರ್ಸಿದ್ರೆ ಮಾತ್ರ ನಿಜವಾದ ಕೊನೇ ಹಂತ ತೆರ್ಕೊಳ್ಳೋದು. ಇನ್ನು ಸಂಗೀತ. ಕಾರ್ಟ್ರಿಡ್ಜ್, ಅಂದ್ರೆ ಮಷೀನಿಗೆ ಸಿಗ್ಸೋ ಗೇಮಿನ ಡಬ್ಬಿ, ಅದರ ಒಳಗೇ ಸನ್‌ಸಾಫ್ಟ್‌ನೋರು ಇನ್ನೊಂದು ಸೌಂಡ್ ಚಿಪ್ ಕೂರ್ಸಿ ಒಟ್ಟಿಗೇ ನುಡಿಸೋಕೆ ಸದ್ದಿನ ಮೂರು ಚಾನೆಲ್ ಜಾಸ್ತಿ ಮಾಡ್ಕೊಂಡ್ರು, ಅದಕ್ಕೇ ಫ್ಯಾಮಿಕಾಮಿಂದ ಬರ್ತಿದೆ ಅಂತ ನಂಬೋಕಾಗದಷ್ಟು ತುಂಬಿದ ಸದ್ದು. ಫ್ಯಾಮಿಕಾಮಲ್ಲಿ ಕಾರ್ಟ್ರಿಡ್ಜ್ ಕಡೆಯಿಂದ ಸದ್ದು ಸೇರ್ಸೋಕೆ ದಾರಿ ಇತ್ತು, ಅದೇ ಮಷೀನಿನ ಹೊರದೇಶದ ರೂಪ ಎನ್‌ಇಎಸ್‌ನಲ್ಲಿ ಅದು ಹಂಗೆ ಕೆಲ್ಸ ಮಾಡ್ತಿರ್ಲಿಲ್ಲ, ಹಂಗಾಗಿ ಸ್ಕ್ಯಾಂಡಿನೇವಿಯಾ ಆವೃತ್ತಿಲಿ ಹಾಡು ಸೊರಗಿದೆ. ಆಡೋದಾದ್ರೆ ಜಪಾನಿನದ್ದೇ ಆಡಿ. 2023ರಲ್ಲಿ ಇವತ್ತಿನ ಕನ್ಸೋಲ್‌ಗಳಿಗೆ ಮತ್ತೆ ಬಿಡುಗಡೆ ಆಯ್ತು, ಸಿಗತ್ತೆ.

ಇಲ್ಲೇ ಒಂದು ಮಾತು ಹೇಳ್ಬಿಡ್ತೀನಿ, ಬಹಳ ಜನ ಹಳೇ ಗೇಮ್ ಹತ್ತು ನಿಮಿಷಕ್ಕೇ ಬಿಡೋದು ಇದ್ರಿಂದ. ಟಿವಿ ಸೆಟ್ಟಿಂಗ್ಸ್‌ಗೆ ಹೋಗಿ ಗೇಮ್ ಮೋಡ್ ಆನ್ ಮಾಡಿ. ಈ ಗೇಮ್‌ಗಳು ಸೆಕೆಂಡಿಗೆ 60 ಚಿತ್ರ (ಫ್ರೇಮ್) ಓಡ್ತವೆ, ಅಂದ್ರೆ ಒಂದು ಫ್ರೇಮಿಗೆ ಸುಮಾರು 17 ಮಿಲಿಸೆಕೆಂಡ್. ಈಗಿನ ಟಿವಿ ಚಿತ್ರನ ಚೆಂದ ಮಾಡೋಕೆ ಹೋಗಿ 100 ಮಿಲಿಸೆಕೆಂಡ್ ತಡ ಮಾಡಿದ್ರೆ ನೀವು ಒತ್ತಿದ್ದು ಆರು ಫ್ರೇಮ್ ಆದ್ಮೇಲೆ ತೆರೆ ಮೇಲೆ ಕಾಣ್ಸತ್ತೆ. ಹಳೇ ಟ್ಯೂಬ್ ಟಿವಿಲಿ ಈ ಕಾಟ ಇರ್ಲಿಲ್ಲ, ಗೇಮ್ ಮಾಡಿದ್ದೂ ಅದಕ್ಕೇ. ಗಿಮಿಕ್ಕಲ್ಲಿ ಒಂದೇ ಜಾಗದಲ್ಲಿ ಎರಡು ಸಂಜೆ ಸಾಯ್ತಾನೇ ಇದ್ದೆ, ಮೂರನೇ ದಿನ ಗೇಮ್ ಮೋಡ್ ಹಾಕ್ದೆ, ಎರಡನೇ ಪ್ರಯತ್ನಕ್ಕೇ ದಾಟ್ದೆ. ಆಟ ಕಷ್ಟನೋ ಟಿವಿ ನಿಧಾನನೋ ಅಂತ ಮೊದ್ಲು ನೋಡ್ಕೊಳ್ಳಿ.

ಶುರು ಮಾಡೋರಿಗೆ ಮಾತ್ರ ನಾನು ಗಿಮಿಕ್ ಕೊಡಲ್ಲ, ಡಾಂಕಿ ಕಾಂಗ್ ಕೊಡ್ತೀನಿ, ಕೈಲಿ ಹಿಡ್ಕೊಂಡು ಆಡೋ ಗೇಮ್ ಬಾಯ್ ಮಷೀನಿನ 1994ರ ಆವೃತ್ತಿ. ಇದು ಮರೆತುಹೋಗಿದ್ದು ಹೆಸರಿನಿಂದ. ಡಾಂಕಿ ಕಾಂಗ್ ಅಂದ್ರೆ ಅದೇ 1981ರ ಆರ್ಕೇಡ್ ಆಟ, ಏಣಿ, ಪೀಪಾಯಿ, ಅದನ್ನೇ ಸಣ್ಣ ಸ್ಕ್ರೀನಿಗೆ ತುರುಕಿದಾರೆ ಅಂತ ಜನ ಬಿಟ್ಟುಬಿಡ್ತಾರೆ. ಶುರುವಲ್ಲಿ ಇರೋದೂ ಅದೇ ನಾಲ್ಕು ಹಂತ. ನಾಲ್ಕನೇದು ಮುಗೀತು, ಕಾಂಗ್ ಅನ್ನೋ ದೊಡ್ಡ ಗೊರಿಲ್ಲಾ ಬಿದ್ದ, ಅವನು ಎತ್ಕೊಂಡು ಹೋಗಿದ್ದ ಪೌಲಿನ್ ಸಿಕ್ಕಿದ್ಲು, ಮುಗೀತಪ್ಪ ಅನ್ನೋವಾಗ ಬಿದ್ದವನು ಎದ್ದು ಅವಳನ್ನ ಮತ್ತೆ ಎತ್ಕೊಂಡು ಓಡ್ತಾನೆ. ಅಲ್ಲಿಂದ ಆಚೆ ಇನ್ನೂ 97 ಹಂತ ಇವೆ! ಒಟ್ಟು 101.

ಆ 97ರಲ್ಲಿ ಹೆಚ್ಚಿನವು ಬೇರೆನೇ ಆಟ. ಒಂದು ಬೀಗದ ಬಾಗ್ಲು, ಎಲ್ಲೋ ಒಂದು ಕೀಲಿ, ಕೀಲಿನ ತಲೆ ಮೇಲೆ ಹೊತ್ಕೊಂಡು ಬಾಗ್ಲಿಗೆ ತರ್ಬೇಕು. ಕೆಳಗಿಟ್ಟು ಸ್ವಲ್ಪ ಹೊತ್ತು ಮುಟ್ಟದೇ ಬಿಟ್ರೆ ಕೀಲಿ ಮೊದ್ಲಿದ್ದ ಜಾಗಕ್ಕೇ ವಾಪಸ್ ಹೋಗತ್ತೆ, ಹಂಗಾಗಿ ಇಡೋದು, ಓಡಿ ಹೋಗಿ ಸ್ವಿಚ್ ಎಳೆಯೋದು, ಬಂದು ಎತ್ಕೊಳ್ಳೋದು, ಈ ಗಡಿಬಿಡಿಲೇ ಅರ್ಧ ಮಜಾ ಇರೋದು. ಮಾರಿಯೋ ಇಲ್ಲಿ ಕೈ ಮೇಲೆ ತಲೆಕೆಳಗಾಗಿ ನಿಲ್ತಾನೆ, ಮೇಲಿಂದ ಬೀಳೋ ಪೀಪಾಯಿ ಅವನ ಕಾಲಿಗೆ ಬಡಿದು ಪಕ್ಕಕ್ಕೆ ಹೋಗತ್ತೆ, ಆ ಭಂಗಿಯಿಂದಲೇ ಹಾರಿದ್ರೆ ಮಾಮೂಲಿಗಿಂತ ಎತ್ತರ ಹಾರ್ತಾನೆ. ಓಡ್ತಾ ಓಡ್ತಾ ಸಟ್ಟಂತ ತಿರುಗಿ ಹಾರಿದ್ರೆ ಲಾಗ ಹೊಡೀತಾನೆ. 1996ರ ಸೂಪರ್ ಮಾರಿಯೋ 64 ನೋಡಿ ಜನ ಬಾಯಿ ಬಿಟ್ಟಿದ್ರಲ್ಲ, ಅಂಥ ಕಸರತ್ತು ಎರಡು ವರ್ಷ ಮೊದ್ಲೇ ಕಪ್ಪು ಬಿಳುಪಿನ ಈ ಪುಟ್ಟ ಸ್ಕ್ರೀನಲ್ಲಿ ಆಗೋಗಿತ್ತು. ಹಂತಗಳೂ ಚಿಕ್ಕವು, ಸಮಯ ಸಿಕ್ಕಾಗ ಎರಡು ಆಡಿ ಎತ್ತಿಡ್ಬಹುದು, ನಾಲ್ಕು ಹಂತಕ್ಕೊಮ್ಮೆ ಕಾಂಗ್ ಎದುರಾಗ್ತಾನೆ. ಗೇಮ್ ಅಭ್ಯಾಸನೇ ಇಲ್ದೇ ಇರೋರಿಗೂ ನಾನು ಧೈರ್ಯವಾಗಿ ಕೊಡೋದು ಇದನ್ನೇ.

ಸೋನಿಕ್ ಮಾಡಿದ ಸೆಗಾ ಕಂಪನಿ ಕಡೆ ಬಂದ್ರೆ ರಿಸ್ಟಾರ್. 1995ರಲ್ಲಿ ಅವ್ರ ಮೆಗಾ ಡ್ರೈವ್ ಕನ್ಸೋಲಿಗೆ ಬಂತು, ಅಷ್ಟೊತ್ತಿಗೆ ಜಪಾನಲ್ಲಿ ಅವ್ರದ್ದೇ ಹೊಸ ಮಷೀನು ಸ್ಯಾಟರ್ನ್ ಬಂದು ತಿಂಗಳುಗಳೇ ಆಗಿದ್ವು. ಸೋನಿಕ್ ಥರ ಓಡೋ ಆಟ ಅಲ್ಲ ಇದು, ರಿಸ್ಟಾರ್ ನಿಧಾನಕ್ಕೇ ನಡೀತಾನೆ, ಅವನ ಕೈಗಳು ಉದ್ದ ಚಾಚ್ತವೆ, ಶತ್ರುನ ಹಿಡಿದು ಎಳ್ಕೊಂಡು ತಲೆಯಿಂದ ಡಿಚ್ಚಿ ಕೊಡ್ತಾನೆ, ಮರ ಏಣಿ ಗೋಡೆ ಎಲ್ಲಾ ಕೈಯಿಂದಲೇ. ಸೋನಿಕ್ ಅಂದ್ಕೊಂಡು ಕೂತವ್ರಿಗೆ ಬೇಜಾರಾಗತ್ತೆ, ಹಂಗಂದ್ಕೊಳ್ದೇ ಕೂರಿ. ಸಂಗೀತದ ಗ್ರಹ ಒಂದಿದೆ, ಅಲ್ಲಿ ತಾಳ ಹಾಕೋ ಮೆಟ್ರೊನೋಮ್ ಎತ್ಕೊಂಡು ಹೋಗಿ ಹಕ್ಕಿಗಳಿಗೆ ಕೊಡ್ಬೇಕು, ಕೊಟ್ರೆ ಹಾಡ್ತವೆ, ದಾರಿ ಬಿಡ್ತವೆ. ಅದೊಂದಕ್ಕೋಸ್ಕರನೇ ಆಡ್ಬಹುದು.

ಇನ್ನೊಂದು ಡೀಮನ್ಸ್ ಕ್ರೆಸ್ಟ್, ಕ್ಯಾಪ್‌ಕಾಮ್ ಕಂಪನಿಯದ್ದು, 1994, ಸೂಪರ್ ನಿಂಟೆಂಡೊಗೆ (ಸೂಪರ್ ಫ್ಯಾಮಿಕಾಮ್‌ಗೆ ಹೊರದೇಶದಲ್ಲಿ ಇದ್ದ ಹೆಸ್ರು). ಘೋಸ್ಟ್ಸ್ ಎನ್ ಗಾಬ್ಲಿನ್ಸ್ ಅನ್ನೋ ಹಳೇ ಗೇಮಲ್ಲಿ ಎಲ್ಲರ ಜೀವ ತಿನ್ನೋ ಆ ಕೆಂಪು ರಾಕ್ಷಸ ಇದಾನಲ್ಲ, ಅವನೇ ಇಲ್ಲಿ ನಾಯಕ. ಶುರುವಾಗ್ತಿದ್ದಂಗೇ ಸತ್ತು ಕೊಳೆತ ದೊಡ್ಡ ಡ್ರ್ಯಾಗನ್ ಎದುರಿಗೆ ನಿಲ್ಸಿಬಿಡ್ತಾರೆ, ಪೀಠಿಕೆ ಗೀಠಿಕೆ ಏನಿಲ್ಲ. ಮುಕ್ತಾಯಗಳೂ ಒಂದಕ್ಕಿಂತ ಹೆಚ್ಚಿವೆ, ಬೇಗ ಮುಗೀತು ಅನ್ಸಿದ್ರೆ ನಿಮಗೆ ಸಿಕ್ಕಿರೋದು ಅರ್ಧ ಗೇಮ್ ಅಂತ ತಿಳ್ಕೊಳ್ಳಿ. ಹಿನ್ನೆಲೆ ಚಿತ್ರಗಳ ಆ ಕತ್ತಲೆ, ಆರ್ಗನ್ ಸದ್ದು, ರಾತ್ರಿ ಹೆಡ್‌ಫೋನ್ ಹಾಕ್ಕೊಂಡು ಆಡಿ.

ಕೈಲಿ ಹಿಡಿಯೋ ಮಷೀನ್‌ಗಳಲ್ಲೂ ಇದೇ ಕತೆ. ಶಾಂಟೇ ಗೇಮ್ ಬಾಯ್ ಕಲರ್‌ಗೆ ಬಂದಿದ್ದು 2002ರಲ್ಲಿ, ಅದರ ಮುಂದಿನ ಮಷೀನು ಗೇಮ್ ಬಾಯ್ ಅಡ್ವಾನ್ಸ್ 2001ರಲ್ಲೇ ಬಂದಿತ್ತು. ಕುಣಿದು ಕೋತಿ, ಆನೆ ಆಗೋ ಹುಡುಗಿ, ಆ ಪುಟ್ಟ ಮಷೀನಲ್ಲಿ ಅಂಥ ಅನಿಮೇಷನ್ ನಾನು ಬೇರೆ ನೋಡಿಲ್ಲ. ಅಡ್ವಾನ್ಸಿನ ಡ್ರಿಲ್ ಡೋಜರ್ 2005ರದ್ದು, ಪೊಕೆಮಾನ್ ಮಾಡಿದ ಗೇಮ್ ಫ್ರೀಕ್‌ನೋರೇ ಮಾಡಿದ್ದು, ಆಗ ಅಡ್ವಾನ್ಸ್ ಆದ್ಮೇಲಿನ ಮಷೀನು ಡಿಎಸ್ ಬಂದಾಗಿತ್ತು. ಕಾರ್ಟ್ರಿಡ್ಜ್ ಒಳಗೇ ನಡುಗೋ ಮೋಟರ್ ಇದೆ, ಡ್ರಿಲ್ ಗೇರ್ ಬದಲಾದಂಗೆ ಕೈಯಲ್ಲಿ ಗೊತ್ತಾಗತ್ತೆ, ಹಂಗಾಗಿ ಇದನ್ನ ಮಾತ್ರ ಅಸಲಿ ಕಾರ್ಟ್ರಿಡ್ಜಲ್ಲೇ ಆಡಿ.

ಲಿಟಲ್ ಸ್ಯಾಮ್ಸನ್ ಯಾಕೆ ಹೇಳ್ಲಿಲ್ಲ ಅಂತ ಕೇಳ್ತಾರೆ. 1992ರ ಒಳ್ಳೇ ಗೇಮೇ, ನಾಲ್ಕು ಜನರನ್ನ ಬೇಕಾದಾಗ ಬದ್ಲಾಯಿಸ್ಕೊಂಡು ಆಡೋದು, ಅದ್ರಲ್ಲೂ ಗೋಡೆ ಹತ್ತಿ ಬಾಂಬ್ ಇಡೋ ಇಲಿ ನಂಗೆ ಭಾರಿ ಇಷ್ಟ. ಆದ್ರೆ ಅದರ ಬಗ್ಗೆ ಈಗ ನಡೆಯೋ ಮಾತೆಲ್ಲಾ ಕಾರ್ಟ್ರಿಡ್ಜ್ ಎಷ್ಟು ಅಪರೂಪ, ಎಷ್ಟು ದುಬಾರಿ ಅನ್ನೋದರ ಸುತ್ತ. ಅಪರೂಪ ಅಂದ ಮಾತ್ರಕ್ಕೆ ಶ್ರೇಷ್ಠ ಆಗಲ್ಲ. ಅದಕ್ಕೆ ದುಡ್ಡು ಸುರೀಬೇಡಿ.

ಟೆರಾನಿಗ್ಮಾ ಕೊನೆಗಿರ್ಲಿ ಅಂತ ಹೇಳ್ತೀನಿ, ಯಾಕಂದ್ರೆ ಅದಕ್ಕೆ ವಾರಗಟ್ಲೆ ಬೇಕು. ಕ್ವಿಂಟೆಟ್ ಅನ್ನೋ ಸಣ್ಣ ಕಂಪನಿ ಮಾಡಿದ್ದು, ಜಪಾನಲ್ಲಿ 1995, ಯುರೋಪಲ್ಲಿ 1996, ಅಮೆರಿಕಕ್ಕೆ ಬರ್ಲಿಲ್ಲ, ಅದಕ್ಕೇ ಅಲ್ಲಿಯೋರು ಬರೆಯೋ ಪಟ್ಟಿಗಳಲ್ಲಿ ಇದು ಅಪರೂಪ. ಆರ್ಕ್ ಅನ್ನೋ ತುಂಟ ಹುಡುಗ ಮುಟ್ಟಬಾರದ ಪೆಟ್ಟಿಗೆ ತೆಗೀತಾನೆ, ಊರೋರೆಲ್ಲಾ ಹೆಪ್ಪುಗಟ್ಟಿ ನಿಂತುಬಿಡ್ತಾರೆ. ಅವರನ್ನ ಎಬ್ಬಿಸೋಕೆ ಹೋದವನು ಮುಳುಗಿದ್ದ ಖಂಡಗಳನ್ನ ಒಂದೊಂದಾಗಿ ಮೇಲಕ್ಕೆ ತರ್ತಾನೆ, ಆಮೇಲೆ ಭೂಮಿ ಮೇಲೆ ಗಿಡಮರ, ಆಮೇಲೆ ಹಕ್ಕಿಗಳು, ಆಮೇಲೆ ಪ್ರಾಣಿಗಳು. ಗಿಡಗಳೂ ಮಾತಾಡ್ತವೆ, ಪ್ರಾಣಿಗಳೂ ಮಾತಾಡ್ತವೆ, ಒಂದು ಸಿಂಹದ ಮರಿ ನಿಮ್ಮ ಜೊತೆ ಬರತ್ತೆ, ಅವುಗಳ ಕಷ್ಟಸುಖ ಕೇಳ್ಕೊಂಡು ಗಂಟೆಗಟ್ಲೆ ಆಡಿರ್ತೀರ. ಕೊನೆಗೆ ಮನುಷ್ಯರನ್ನ ಎಬ್ಬಿಸ್ತೀರ. ಅದಾದ್ಮೇಲೆ ಆರ್ಕ್‌ಗೆ ಪ್ರಾಣಿಗಳ ಮಾತು ಅರ್ಥ ಆಗಲ್ಲ. ಗೇಮ್ ಅದರ ಬಗ್ಗೆ ಉದ್ದುದ್ದ ಏನೂ ಹೇಳಲ್ಲ. ನಾನು ಅಭ್ಯಾಸಬಲದಿಂದ ಒಂದು ಪ್ರಾಣಿ ಹತ್ರ ಹೋಗಿ ಬಟನ್ ಒತ್ತಿದ್ದೆ, ಬರೀ ಕೂಗು ಬಂತು. ಇನ್ನೊಂದರ ಹತ್ರ ಹೋದೆ, ಅದೂ ಅಷ್ಟೇ. ಕಂಟ್ರೋಲರ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.